ಲೆಕ್ಕದ ಪುಸ್ತಕದ ಕೊನೆಯ ಪುಟಗಳು: ಕಾಸರಗೋಡಿನ ಕನ್ನಡ ಶಾಲೆಯೊಂದರ ಪ್ರಕರಣ

ಒಂಬತ್ತನೇ ತರಗತಿಯ ಈ ಹುಡುಗನ ಬಗ್ಗೆ ಸ್ಟಾಫ್ ರೂಮಿನಲ್ಲಿ ಇದ್ದದ್ದು ಮೂರೇ ಮಾತು. ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾನೆ. ರಜೆ ಜಾಸ್ತಿ. ಕೇಳಿದರೆ ಬಾಯಿ ಬಿಡುವುದಿಲ್ಲ. ಎಂಟನೇ ತರಗತಿಯವರೆಗೆ ಲೆಕ್ಕದಲ್ಲಿ ಚುರುಕಾಗಿದ್ದವನು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ವಾರಕ್ಕೆ ಎರಡು ದಿನ ಬರುತ್ತಲೇ ಇರಲಿಲ್ಲ, ಬಂದ ದಿನವೂ ಎರಡನೇ ಪೀರಿಯಡ್ ಹೊತ್ತಿಗೆ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿರುತ್ತಿದ್ದ. ಓಣಂ ಪರೀಕ್ಷೆಯ ಮೊದಲ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದ ಸ್ವಲ್ಪ ಹೊತ್ತಿಗೆ ಉಸಿರು ಏರಿ, ಕೈ ನಡುಗಿ, ಎದ್ದು ಹೊರಗೆ ಹೋದ. ಹೊರಗೆ ಅಂದರೆ ಮನೆಗಲ್ಲ. ಆಫೀಸಿನ ಮೆಟ್ಟಿಲಿಗೆ.

ಈ ಮೆಟ್ಟಿಲಿನ ವಿಷಯ ಆಮೇಲೆ ಗೊತ್ತಾಯಿತು. ಮೂತ್ರಕ್ಕೆ ಎಂದು ಕೇಳಿ ಹೋಗುವಾಗಲೆಲ್ಲ ಅವನು ಅಲ್ಲೇ ಹೋಗಿ ನಿಲ್ಲುತ್ತಿದ್ದ. ಯಾಕೆಂದರೆ ಶಾಲೆಯ ಫೋನ್ ಇರುವುದು ಆಫೀಸಿನಲ್ಲಿ, ಮನೆಯಿಂದ ಏನಾದರೂ ಸುದ್ದಿ ಬಂದರೆ ಮೊದಲು ಬರುವುದು ಆ ಫೋನಿಗೆ.

ಇದನ್ನು ಬರೆಯಬಹುದಾ ಎಂದು ಅವನನ್ನೂ ಅವನ ತಾಯಿಯನ್ನೂ ಕೇಳಿದ್ದೇನೆ. ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗಬಾರದೆಂದು ಊರಿನ ಹೆಸರು, ವರ್ಷ ಬಿಟ್ಟಿದ್ದೇನೆ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುವವಳು. ಆ ಹುಡುಗನಿಗೆ ಸಹಾಯ ಮಾಡಿದ್ದು ಒಬ್ಬರು ಪರಿಣತರಲ್ಲ, ಒಂದು ಯೋಜನೆಯೂ ಅಲ್ಲ. ಅವನಿಗೆ ಮೊದಲೇ ಗೊತ್ತಿದ್ದ ನಾಲ್ಕೈದು ಜನ ಒಬ್ಬರಿಗೊಬ್ಬರು ಗೊತ್ತಾದರು, ಅಷ್ಟೇ. ಆದರೆ ಅಷ್ಟಾಗಲಿಕ್ಕೆ ಹಿಡಿದ ಕಾಲ, ನಡುವೆ ಆದ ಎಡವಟ್ಟು ಇವೆಲ್ಲ ಬರೆಯಬೇಕಾದದ್ದು, ಯಾಕೆಂದರೆ ಉಳಿದ ಶಾಲೆಗಳಿಗೆ ಬೇಕಾಗುವುದು ಅದೇ ಭಾಗ.

ಕೊನೆಯ ಪುಟಗಳು

ಲೆಕ್ಕದ ಮಾಸ್ಟ್ರು ಪುಸ್ತಕ ತಿದ್ದುವಾಗ ಹಿಂದಿನ ಪುಟ ತಿರುಗಿಸಿದರು. ಹುಡುಗರು ಹಿಂದಿನ ಪುಟದಲ್ಲಿ ಚಿತ್ರ ಬರೆಯುತ್ತಾರೆ, ಕ್ರಿಕೆಟ್ ಟೀಮ್ ಬರೆಯುತ್ತಾರೆ. ಇವನ ಪುಸ್ತಕದಲ್ಲಿ ಸ್ಕೇಲ್ ಇಟ್ಟು ಎಳೆದ ಕಾಲಂಗಳಿದ್ದವು. ತಾರೀಕು, ಹೊತ್ತು, ಎಷ್ಟು ನಿಮಿಷ. ರಾತ್ರಿ 2.10, 3 ನಿಮಿಷ. ಬೆಳಿಗ್ಗೆ 4.40, ಒಂದೂವರೆ ನಿಮಿಷ. ಕೆಲವು ಸಾಲುಗಳ ಪಕ್ಕ ಸಣ್ಣದಾಗಿ "ಎಡಗೈ ಮೊದಲು" ಎಂದಿತ್ತು, ಕೆಲವು ಕಡೆ "ಮೂತ್ರ ಹೋಯಿತು". ಮುಂದಿನ ಪುಟಗಳಲ್ಲಿ ಬೀಜಗಣಿತ ಅರ್ಧಕ್ಕೆ ನಿಂತಿತ್ತು, ಹಿಂದಿನ ಪುಟಗಳಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಮಾಸ್ಟ್ರು ಬೈಯಲಿಲ್ಲ. ಪುಸ್ತಕ ಮುಚ್ಚಿ ಕೊಟ್ಟು, "ಇದು ಯಾರಿಗೆ?" ಎಂದು ಮಾತ್ರ ಕೇಳಿದರು. "ಅಕ್ಕನಿಗೆ" ಎಂದ. ಜೂನ್‌ನಿಂದ ಅವನು ತನ್ನ ಬಗ್ಗೆ ಹೇಳಿದ ಮೊದಲ ಮಾತು ಅದು.

ಅಕ್ಕನಿಗೆ ಇಪ್ಪತ್ತು ದಾಟಿದೆ. ಮಾತಿಲ್ಲ, ನಡೆಯಲಿಕ್ಕೆ ಆಗುವುದಿಲ್ಲ, ಅಪಸ್ಮಾರ, ಅಂದರೆ ಫಿಟ್ಸ್, ಇದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗೆ ಎರಡು ಮಾತು. ಕಾಸರಗೋಡಿನ ಸರಕಾರಿ ನಿಗಮದ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ತೋಟದ ಕೆಳಗೆ ಮನೆ, ಬಾವಿ, ನೀರಿಗಾಗಿ ಕೊರೆದ ಸುರಂಗ, ತೋಡು. ಎಣ್ಮಕಜೆಯ ವಾಣೀನಗರದ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳಲ್ಲಿ ಒಂದೇ ತರಹದ ತೊಂದರೆ ಜಾಸ್ತಿ ಕಾಣುತ್ತಿದೆ ಎಂದು ಗಮನಿಸಿದರು, ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನಿಗೆ ತಡೆ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು. ಈ ಲೆಕ್ಕದಲ್ಲೆಲ್ಲ ಇರುವುದು ರೋಗಿಯ ಹೆಸರು. ಅದೇ ಮನೆಯಲ್ಲಿ ರಾತ್ರಿ ಎದ್ದು ಕೂರುವ ತಮ್ಮನ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಜೂನ್‌ನಲ್ಲಿ ಆದದ್ದೇನು

ಕ್ಲಾಸ್ ಟೀಚರ್ ಮತ್ತು ನಾನು ಒಂದು ಸಂಜೆ ಮನೆಗೆ ಹೋದೆವು. ಬಸ್ ಇಳಿದು ಗುಡ್ಡ ಹತ್ತಬೇಕು, ಜೀಪ್ ಬಿಟ್ಟರೆ ಬೇರೆ ಗಾಡಿ ಹೋಗುವುದಿಲ್ಲ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದರು. ಅಜ್ಜಿ ನಮ್ಮನ್ನು ಕೂರಿ ಎನ್ನುವ ಮೊದಲು ಕೇಳಿದ್ದು, "ಫೋಟೋ ತೆಗೆಯಲಿಕ್ಕೆ ಬಂದದ್ದಾ?" ಇಷ್ಟು ವರ್ಷಗಳಲ್ಲಿ ಆ ಮನೆಗೆ ಎಷ್ಟೋ ಜನ ಕ್ಯಾಮರಾ ಹಿಡಿದು ಬಂದು, ಹುಡುಗಿಯ ಚಿತ್ರ ತೆಗೆದುಕೊಂಡು, ನೀರು ಕುಡಿದು ಹೋಗಿದ್ದಾರೆ. ಯಾವ ಚಿತ್ರ ಎಲ್ಲಿ ಬಂತು ಎಂದು ಮನೆಯವರಿಗೆ ಗೊತ್ತಿಲ್ಲ. ಶಾಲೆಯಲ್ಲಿ ಯಾರೋ ಒಂದು ಹಳೆಯ ಚಿತ್ರವನ್ನು ಫೋನಿನಲ್ಲಿ ತೋರಿಸಿ "ಇದು ನಿನ್ನ ಅಕ್ಕ ಅಲ್ವಾ" ಎಂದು ಕೇಳಿದ್ದ, ಇವನು ಅವನಿಗೆ ಹೊಡೆದಿದ್ದ. ಆ ಹೊಡೆದಾಟದ ದೂರು ಮಾತ್ರ ಶಾಲೆಯ ಕಡತದಲ್ಲಿದೆ.

ಫೋಟೋ ಇಲ್ಲ ಎಂದೆವು. ಫೋನ್ ಚೀಲದಿಂದ ಹೊರಗೇ ತೆಗೆಯಲಿಲ್ಲ. ತಾಯಿ ನಿಧಾನಕ್ಕೆ ಮಾತಾಡಿದರು.

ಕಾರಣ ಬಹಳ ಸರಳವಾದದ್ದು. ಅಪ್ಪ ಮಂಗಳೂರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದರು, ದಿನಾ ರಾತ್ರಿ ಮನೆಗೆ ಬರುತ್ತಿದ್ದರು, ಮಗಳ ಪಕ್ಕ ಅವರೇ ಮಲಗುತ್ತಿದ್ದರು. ಸಾಲ ಏರಿತು. ಮೇ ತಿಂಗಳಲ್ಲಿ ಗಲ್ಫಿಗೆ ಹೋದರು. ತಾಯಿ ಹಗಲಿಡೀ ಮಗಳನ್ನು ಎತ್ತಿ, ತೊಳೆದು, ಉಣಿಸಿ, ಸಮಯ ಸಿಕ್ಕಾಗ ಅಡಿಕೆ ಸುಲಿದು ರಾತ್ರಿಗೆ ಸತ್ತ ಹಾಗೆ ನಿದ್ದೆ ಹೋಗುತ್ತಾರೆ. ಅಜ್ಜಿಗೆ ಮೊಣಕಾಲು ನೋವು. ಉಳಿದವನು ಇವನು. ಯಾರೂ ಅವನಿಗೆ ಹೇಳಲಿಲ್ಲ, ತಾನಾಗಿ ಅಪ್ಪನ ಜಾಗದಲ್ಲಿ ಚಾಪೆ ಹಾಕಿದ. ಅಕ್ಕನ ತೋಳಿನ ಮೇಲೆ ಒಂದು ಕೈ ಇಟ್ಟು ಮಲಗುತ್ತಾನೆ, ತೋಳು ಬಿಗಿದರೆ ಎಚ್ಚರ ಆಗಲಿ ಎಂದು. ಫಿಟ್ಸ್ ಬಂದಾಗ ಪಕ್ಕಕ್ಕೆ ತಿರುಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಪಾಲಿಯೇಟಿವ್ ನರ್ಸ್, ಅಂದರೆ ಹಾಸಿಗೆ ಹಿಡಿದವರ ಆರೈಕೆಗೆ ಮನೆಗೆ ಬರುವ ನರ್ಸ್, ತಾಯಿಗೆ ಕಲಿಸುವಾಗ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವನು ಇವನೇ.

ಮತ್ತೆ ಕ್ಲಾಸಿನಲ್ಲಿ ನಿದ್ದೆ ಬಾರದೆ ಇರುತ್ತದಾ?

ನಿದ್ದೆಗಿಂತ ದೊಡ್ಡದು ಭಯ. ರಾತ್ರಿ ತಾನಿದ್ದೇನೆ, ಹಗಲು ತಾನಿಲ್ಲ. ಶಾಲೆಯಲ್ಲಿ ಕೂತಿರುವ ಹೊತ್ತಿಗೆ ಅಲ್ಲಿ ಏನಾದರೂ ಆದರೆ? ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತಿತ್ತು, ರಿಂಗಾಗದಿದ್ದರೆ ಇನ್ನೂ ಜಾಸ್ತಿ. ಆಫೀಸಿನ ಮೆಟ್ಟಿಲಿಗೂ ಪರೀಕ್ಷೆಯ ದಿನದ ಉಸಿರುಗಟ್ಟುವಿಕೆಗೂ ಬೇರು ಒಂದೇ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಮೂರು ಜನ ಎಂದಾಯಿತು. ಆ ಮೂರು ಜನ ಯಾರು ಎಂದು ಹಾಜರಿ ಪುಸ್ತಕ ಹೇಳುವುದಿಲ್ಲ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಮಕ್ಕಳ ಅಗತ್ಯ ಏನೆಂದು ತಿಳಿದುಕೊಳ್ಳುವುದು ಸ್ಥಳೀಯ ಆಡಳಿತದ ಜವಾಬ್ದಾರಿ ಎಂದು ಇಂಗ್ಲೆಂಡಿನಲ್ಲಿ 2014ರ ಕಾನೂನೇ ಹೇಳುತ್ತದೆ. ನಮ್ಮ ದಾಖಲಾತಿ ಅರ್ಜಿಯಲ್ಲಿ ಜಾತಿಗೆ ಕಾಲಂ ಇದೆ, ತಂದೆಯ ವರಮಾನಕ್ಕೆ ಇದೆ. "ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರಾ, ಅವರನ್ನು ಯಾರು ನೋಡಿಕೊಳ್ಳುತ್ತಾರೆ" ಎಂದು ಕೇಳುವ ಕಾಲಂ ಇಲ್ಲ. ನಮ್ಮ ಜಿಲ್ಲೆಯಲ್ಲಂತೂ ಅದು ಇರಲೇಬೇಕಿತ್ತು.

ಮೊದಲು ಕೆಲಸ ಮಾಡದೆ ಹೋದವು

ಪರೀಕ್ಷೆಯ ದಿನದ ಘಟನೆ ಆದ ಕೂಡಲೇ ಶಾಲೆ ಅವನನ್ನು ಕೌನ್ಸೆಲರ್ ಹತ್ತಿರ ಕಳಿಸಿತ್ತು. ಕೇರಳದಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯಿಂದ ಶಾಲೆಗಳಿಗೆ ಕೌನ್ಸೆಲರ್‌ಗಳು ಬರುತ್ತಾರೆ, ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ನಮಗೆ ಬಂದವರು ಶ್ರದ್ಧೆಯ ಹುಡುಗಿ. ಆದರೆ ಮಲಯಾಳಂ ಮನೆಮಾತಿನವರು, ಆಗ ಕನ್ನಡ ಅಷ್ಟಕ್ಕಷ್ಟೆ. ಹುಡುಗನ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮಲಯಾಳಂ ಅಂಗಡಿಯಲ್ಲಿ ಮಾತಾಡುವಷ್ಟು. ಹೊಟ್ಟೆಯೊಳಗಿನ ಸಂಕಟವನ್ನು ಅಂಗಡಿಯ ಭಾಷೆಯಲ್ಲಿ ಹೇಳಲಿಕ್ಕಾಗುತ್ತದಾ? ಅವನು "ಕುಳಪ್ಪಮಿಲ್ಲ" ಎಂದು ಎದ್ದು ಬಂದ. ತೊಂದರೆ ಇಲ್ಲ ಅಂತ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮಕ್ಕೆ ಹಾಕಿದಾಗೆಲ್ಲ ಇಲ್ಲಿ ತಂದೆತಾಯಂದಿರು ಬೀದಿಗಿಳಿದಿದ್ದಾರೆ, ಆ ಹೋರಾಟ ನ್ಯಾಯವಾದದ್ದು. ಮನಸ್ಸಿನ ಆರೋಗ್ಯದ ವಿಷಯದಲ್ಲೂ ಅದೇ ಒತ್ತಾಯ ಬೇಕು ಎಂಬುದು ನನ್ನ ಅಭಿಪ್ರಾಯ, ಯಾಕೆಂದರೆ ಗಣಿತವನ್ನಾದರೂ ಇನ್ನೊಬ್ಬರಿಂದ ಹೇಳಿಸಿಕೊಳ್ಳಬಹುದು.

ತಾಯಿಯನ್ನು ಶಾಲೆಗೆ ಕರೆದು ಚೀಟಿ ಕಳಿಸಿದ್ದರು. ಅವರು ಬರಲಿಲ್ಲ. "ಪೋಷಕರ ಸಹಕಾರ ಇಲ್ಲ" ಎಂದು ಬರೆದಿಟ್ಟರು. ಅವರು ಬಂದರೆ ಮಗಳನ್ನು ನೋಡುವವರು ಯಾರು ಎಂದು ಆಗ ಯಾರೂ ಯೋಚಿಸಿರಲಿಲ್ಲ.

ಮೂರನೆಯದು ಹೆಂಗಸರು, ಮಕ್ಕಳ ರಕ್ಷಣೆಗೆಂದು ಇರುವ ವಾರ್ಡಿನ ಜಾಗ್ರತಾ ಸಮಿತಿ. ನಾವು ಮನೆಗೆ ಹೋಗಿ ಬಂದ ಸುದ್ದಿ ಗೊತ್ತಾಗಿ ವಾರ್ಡ್ ಮೆಂಬರ್ ಒಳ್ಳೆಯ ಮನಸ್ಸಿನಿಂದಲೇ ಒಂದು ಸಭೆ ಕರೆಯಲು ಹೊರಟರು. ಶಾಲೆಯ ಹಾಲಿನಲ್ಲಿ, ಎಲ್ಲ ಇಲಾಖೆಯವರು, ತಾಯಿ ಮಗ ಇಬ್ಬರೂ ಎದುರಿಗೆ. ತಾಯಿ ಬರುವುದಿಲ್ಲ ಎಂದರು, ಮಗನನ್ನೂ ಎರಡು ದಿನ ಶಾಲೆಗೆ ಕಳಿಸಲಿಲ್ಲ. ಅವರು ಮಾಡಿದ್ದು ಸರಿ. ಹದಿನಾಲ್ಕು ವರ್ಷದ ಹುಡುಗನ ಸಂಕಟವನ್ನು ಹತ್ತು ಕುರ್ಚಿ ಹಾಕಿ ಮಾತಾಡುವಂಥದ್ದಲ್ಲ.

ನರ್ಸ್ ಎಂಬ ಬಾಗಿಲು

ತಿರುವು ಬಂದದ್ದು ಪಾಲಿಯೇಟಿವ್ ನರ್ಸ್‌ನಿಂದ. ಕೇರಳ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ ನೀತಿ ಮಾಡಿತು, ಪಂಚಾಯತ್‌ಗಳ ಮೂಲಕ ನರ್ಸ್ ಮತ್ತು ಆಶಾ ಕಾರ್ಯಕರ್ತೆ ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ಈ ನರ್ಸ್ ಆ ಮನೆಗೆ ವರ್ಷಗಳಿಂದ ಬರುತ್ತಿದ್ದವರು. ತುಳು ಮಾತಾಡುತ್ತಾರೆ. ಅಜ್ಜಿ ಅವರಿಗೆ ಫೋಟೋದ ಪ್ರಶ್ನೆ ಕೇಳುವುದಿಲ್ಲ, ಚಾ ಇಡುತ್ತಾರೆ. ಅವರಿಗೆ ಹುಡುಗನ ಕಷ್ಟ ಗೊತ್ತಿತ್ತು, ಆದರೆ ಶಾಲೆಗೆ ಹೇಳುವುದು ತಮ್ಮ ಕೆಲಸ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ನಮಗೆ ಅವನ ಗೈರುಹಾಜರಿ ಗೊತ್ತಿತ್ತು, ಅದಕ್ಕೂ ಪಾಲಿಯೇಟಿವ್‌ಗೂ ಸಂಬಂಧ ಇರಬಹುದು ಎಂದು ನಮಗೆ ತೋಚುವ ದಾರಿ ಇರಲಿಲ್ಲ. ಎರಡು ಕಟ್ಟಡಗಳ ನಡುವೆ ಇರುವ ದೂರ ಬಸ್ಸಿನಲ್ಲಿ ಒಂದು ಸ್ಟಾಪ್.

ಕ್ಲಾಸ್ ಟೀಚರ್ ತಾಯಿಯ ಒಪ್ಪಿಗೆ ತೆಗೆದುಕೊಂಡು ನರ್ಸ್ ಜೊತೆ ಮಾತಾಡಿದರು. ಏನು ಹಂಚಿಕೊಳ್ಳಬಹುದು ಎಂದು ಮೊದಲೇ ತೀರ್ಮಾನ ಆಯಿತು. ರಾತ್ರಿ ಅಕ್ಕನಿಗೆ ತುಂಬ ತೊಂದರೆ ಆಗಿದ್ದರೆ ನರ್ಸ್ ಬೆಳಿಗ್ಗೆ ಕ್ಲಾಸ್ ಟೀಚರ್‌ಗೆ ಒಂದು ಮೆಸೇಜ್ ಹಾಕುವುದು, "ರಾತ್ರಿ ನಿದ್ದೆ ಇಲ್ಲ" ಎಂದಷ್ಟೆ. ಕಾಯಿಲೆಯ ವಿವರ ಬೇಡ, ಸ್ಟಾಫ್ ಗ್ರೂಪಿಗೆ ಹಾಕುವುದು ಬೇಡ. ಆ ದಿನ ಅವನು ತಡವಾಗಿ ಬಂದರೆ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಮೊದಲ ಪೀರಿಯಡ್ ಲೈಬ್ರರಿಯಲ್ಲಿ ಮಲಗಬೇಕೆಂದರೆ ಮಲಗಲಿ. ಇದಕ್ಕೆ ಒಬ್ಬರು ಅಧ್ಯಾಪಕರು ಗೊಣಗಿದರು, ಉಳಿದ ಮಕ್ಕಳೂ ಕೇಳುತ್ತಾರೆ ಎಂದು. ಹೆಡ್ ಟೀಚರ್ ಗಟ್ಟಿಯಾಗಿ ನಿಂತರು. ಉಳಿದ ಮಕ್ಕಳು ಯಾರೂ ಕೇಳಲಿಲ್ಲ.

ಮುಂದಿನ ಕೆಲಸ ಆ ಪುಸ್ತಕದ್ದು. ನರ್ಸ್ ಅದನ್ನು ನೋಡಿ, ಮಂಗಳೂರಿನ ಆಸ್ಪತ್ರೆಗೆ ಮುಂದಿನ ಸಲ ಹೋಗುವಾಗ ಇದನ್ನು ಡಾಕ್ಟರಿಗೆ ತೋರಿಸಬೇಕು ಎಂದರು. ತಾಯಿ ಕೊಂಡುಹೋದರು. ಡಾಕ್ಟರ್ ಪುಟ ಪುಟ ಓದಿದರಂತೆ. ಫಿಟ್ಸ್ ಹೆಚ್ಚಾಗಿ ಬೆಳಗಿನ ಜಾವಕ್ಕೆ ಮೊದಲು ಬರುತ್ತಿದೆ ಎಂದು ಅದರಿಂದ ಗೊತ್ತಾಗಿ ಔಷಧಿಯ ಹೊತ್ತು, ಪ್ರಮಾಣ ಎರಡನ್ನೂ ಬದಲಿಸಿದರು. ಮುಂದಿನ ವಾರಗಳಲ್ಲಿ ರಾತ್ರಿಯ ಸಾಲುಗಳು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ. ಹುಡುಗನಿಗೆ ಇದರಿಂದ ಆದ ಪರಿಣಾಮ ನಾನು ಕಣ್ಣಾರೆ ನೋಡಿದ್ದೇನೆ. ಶಾಲೆ ಬಿಟ್ಟ ಮೇಲೆ ಮಾಸ್ಟ್ರ ಹತ್ತಿರ ಹೋಗಿ, ಇದನ್ನು ಗ್ರಾಫ್ ಮಾಡುವುದು ಹೇಗೆ ಎಂದು ಕೇಳಿದ. ಇಬ್ಬರೂ ಕೂತು ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚುಕ್ಕೆ ಇಟ್ಟರು. ಬೀಜಗಣಿತ ಬಿಟ್ಟಲ್ಲಿಂದ ಶುರುವಾದದ್ದು ಆ ವಾರವೇ.

ಕೌನ್ಸೆಲರ್ ಮತ್ತೆ

ಕೌನ್ಸೆಲರ್ ಹಟ ಬಿಡಲಿಲ್ಲ, ಅದಕ್ಕೆ ಅವರನ್ನು ಮೆಚ್ಚಲೇಬೇಕು. ನಾನು ಕೂತು ಅನುವಾದ ಮಾಡಿ ಹೇಳಬಹುದೇ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಮಾರ್ಕ್ ಹಾಕುವವರ ಎದುರು ಯಾವ ಹುಡುಗನೂ ಮನಸ್ಸು ಬಿಚ್ಚುವುದಿಲ್ಲ. ಊರಿನವರನ್ನು ಕೂರಿಸಿದರೆ ಸಂಜೆಯೊಳಗೆ ಸುದ್ದಿ ಗುಡ್ಡ ಹತ್ತುತ್ತದೆ. ಕೊನೆಗೆ ಅವರು ಹುಡುಗನಿಗೇ ಹೇಳಿದರು, "ನನ್ನ ಕನ್ನಡ ಸರಿಯಿಲ್ಲ, ನೀನು ತಿದ್ದು." ಅವನು ತಿದ್ದಿದ. ಮೊದಲ ಕೆಲವು ಸಲ ಅಷ್ಟೇ ನಡೆಯಿತು, ಅವರು ತಪ್ಪು ಹೇಳುವುದು, ಅವನು ಸರಿ ಮಾಡುವುದು. ಮಾತಾಡಲಿಕ್ಕೆ ಕಷ್ಟವಾದದ್ದನ್ನು ಬರೆದು ಕೊಡು ಎಂದರು, ಓದಲಿಕ್ಕೆ ಅವರೇ ಅಕ್ಷರ ಕಲಿತರು.

ಹಾಗೆ ಬರೆದ ಒಂದು ಹಾಳೆಯಲ್ಲಿ "ನಾನು ಇಲ್ಲದಿದ್ದರೆ ಅಪ್ಪನಿಗೆ ಸಾಲ ಸ್ವಲ್ಪ ಕಡಿಮೆ" ಎಂಬ ಸಾಲಿತ್ತು. ಕೌನ್ಸೆಲರ್ ಅದನ್ನು ದಾಟಿ ಹೋಗಲಿಲ್ಲ. ಅದೇ ದಿನ ನೇರವಾಗಿ ಕೇಳಿದರು, ಸಾಯಬೇಕು ಅಂತ ಅನ್ನಿಸುತ್ತದಾ, ಹೇಗೆ ಎಂದು ಯೋಚಿಸಿದ್ದೀಯಾ. ಇದನ್ನು ಎಲ್ಲ ಅಧ್ಯಾಪಕರೂ ತಿಳಿದಿರಬೇಕು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂಬ ಹೆದರಿಕೆ ತಪ್ಪು. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಅವನು ಸಾಯುವ ಯೋಚನೆ ಇಲ್ಲ, ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸುತ್ತದೆ ಎಂದ. ಆದರೂ ಅವರು ತಾಯಿಗೆ ತಿಳಿಸುತ್ತೇನೆ ಎಂದು ಅವನಿಗೆ ಮೊದಲೇ ಹೇಳಿ, ಆಮೇಲೆ ತಿಳಿಸಿದರು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್‌ಗೆ ಕರೆದುಕೊಂಡು ಹೋಗುವ ಏರ್ಪಾಡು ಮಾಡಿದರು. ರಾತ್ರಿ ಹೊತ್ತು ಬೇಕಾದರೆ ಎಂದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ಕೇರಳದ ದಿಶಾ ಸಹಾಯವಾಣಿ 1056, ಎರಡೂ ನಂಬರ್ ಅವನ ಲೆಕ್ಕದ ಪುಸ್ತಕದಲ್ಲೇ ಬರೆಸಿದರು.

ಕ್ಲಿನಿಕ್‌ನಲ್ಲಿ ಹೇಳಿದ್ದು ಎರಡು. ಮಾತ್ರೆ ಈಗ ಬೇಡ, ನಿದ್ದೆ ಬೇಕು. ಇನ್ನೊಂದು, ಫೋನಿನ ಭಯಕ್ಕೆ ಒಂದು ಕ್ರಮ ಮಾಡಿ. ಹೋಗಿ ಹೋಗಿ ಮೆಟ್ಟಿಲಲ್ಲಿ ನಿಂತರೆ ಆ ಗಳಿಗೆಗೆ ಸಮಾಧಾನ, ಆದರೆ ಭಯ ಬೆಳೆಯುತ್ತದೆ. ಹೋಗಲೇಬೇಡ ಎಂದರೆ ಶಾಲೆಯನ್ನೇ ಬಿಡುತ್ತಾನೆ. ಆದ್ದರಿಂದ ಹೊತ್ತು ಗೊತ್ತು ಮಾಡಿದರು. ಹನ್ನೊಂದು ಗಂಟೆಗೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ ಆಫೀಸಿನಿಂದ ಮನೆಗೆ ಫೋನ್, ಎರಡು ನಿಮಿಷ. ನಡುವೆ ಹೋಗುವ ಹಾಗಿಲ್ಲ. ನಿಜವಾಗಿ ತುರ್ತು ಇದ್ದರೆ ಕ್ಲಾಸಿಗೇ ಬಂದು ಹೇಳುತ್ತೇವೆ ಎಂದು ಆಫೀಸಿನ ಅಟೆಂಡರ್ ಮಾತು ಕೊಟ್ಟರು. ಅಕ್ಟೋಬರ್ ಕಳೆಯುವ ಹೊತ್ತಿಗೆ ಹನ್ನೊಂದು ಗಂಟೆಯ ಫೋನ್ ತಾನಾಗಿ ನಿಂತಿತು. ಊಟದ ಹೊತ್ತಿನದ್ದು ಬಹಳ ದಿನ ಉಳಿಯಿತು, ಉಳಿಯಲಿ ಎಂದು ಬಿಟ್ಟೆವು. ಈ ಅಟೆಂಡರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾವ ತರಬೇತಿಯೂ ಇಲ್ಲದ ಮನುಷ್ಯ. ಹುಡುಗ ಫೋನ್ ಇಟ್ಟ ಮೇಲೆ "ಅಕ್ಕ ಊಟ ಮಾಡಿದಳಾ?" ಎಂದು ಹೆಸರು ಹಿಡಿದು ಕೇಳುತ್ತಿದ್ದರು. ಶಾಲೆಯಲ್ಲಿ ಅಕ್ಕನ ಹೆಸರನ್ನು ಕನಿಕರ ಇಲ್ಲದೆ, ಸಹಜವಾಗಿ ಹೇಳಿದ ಮೊದಲ ವ್ಯಕ್ತಿ ಅವರು.

ಮನೆಯ ಭಾರ

ಮಗುವಿನ ಮನಸ್ಸು ಸರಿ ಮಾಡುತ್ತೇವೆ, ಮನೆಯ ಭಾರ ಹಾಗೆಯೇ ಇರಲಿ ಎಂದರೆ ಏನೂ ಆಗುವುದಿಲ್ಲ. ಇದನ್ನು ಹೇಳಿದ್ದು ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಹೆಂಗಸರು. ಪಂಚಾಯತ್ ಮತ್ತು ಕುಟುಂಬಶ್ರೀ ಸೇರಿ ಬೌದ್ಧಿಕ ತೊಂದರೆ ಇರುವವರಿಗಾಗಿ ನಡೆಸುವ ಬಡ್ಸ್ ಕೇಂದ್ರ ಅಷ್ಟು ದೂರವೇನೂ ಇರಲಿಲ್ಲ. ಅಕ್ಕ ಸಣ್ಣವಳಿದ್ದಾಗ ಅಲ್ಲಿಗೆ ಹೋಗಿದ್ದಳು. ಕೊರೊನಾ ಬಂದಾಗ ನಿಂತದ್ದು ಮತ್ತೆ ಶುರುವಾಗಲಿಲ್ಲ, ಯಾಕೆಂದರೆ ಕೇಂದ್ರದ ಗಾಡಿ ಗುಡ್ಡ ಹತ್ತುವುದಿಲ್ಲ, ತಾಯಿಗೆ ಅವಳನ್ನು ಹೊತ್ತು ಇಳಿಯುವ ಶಕ್ತಿ ಈಗಿಲ್ಲ. ಇಷ್ಟೇ ಅಡ್ಡಿ. ಸಂಬಂಧಪಟ್ಟವರು ಯಾರನ್ನು ಕೇಳಿದರೂ "ಸೌಲಭ್ಯ ಇದೆ" ಎನ್ನುತ್ತಿದ್ದರು, ಇದ್ದದ್ದು ನಿಜ, ಗುಡ್ಡದ ಕೆಳಗೆ.

ಪಕ್ಕದ ಮನೆಯವರ ಜೀಪ್ ದಿನಾ ಬೆಳಿಗ್ಗೆ ಹಾಲು ತೆಗೆದುಕೊಂಡು ಇಳಿಯುತ್ತಿತ್ತು. ಕುಟುಂಬಶ್ರೀಯವರೇ ಹೋಗಿ ಮಾತಾಡಿದರು. ವಾರಕ್ಕೆ ಮೂರು ದಿನ ಜೀಪಿನಲ್ಲಿ ಕೆಳಗಿನವರೆಗೆ, ಅಲ್ಲಿಂದ ಕೇಂದ್ರದ ಗಾಡಿ. ಬಾಡಿಗೆಗೆ ಪಿಟಿಎಯಿಂದ ಸ್ವಲ್ಪ, ಹಳೆ ವಿದ್ಯಾರ್ಥಿಗಳಿಂದ ಸ್ವಲ್ಪ. ಆ ಮೂರು ದಿನ ತಾಯಿಗೆ ಹಗಲು ಎರಡು ಗಂಟೆ ನಿದ್ದೆ ಸಿಕ್ಕಿತು. ತಾಯಿಗೆ ಹಗಲು ನಿದ್ದೆ ಸಿಕ್ಕಿದರೆ ರಾತ್ರಿ ಅವರು ಏಳಬಲ್ಲರು. ವಾರದಲ್ಲಿ ಮೂರು ರಾತ್ರಿ ಹುಡುಗ ಅಜ್ಜಿಯ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಿದ. ಮೊದಮೊದಲು ಅಲ್ಲಿಯೂ ಎದ್ದು ಬರುತ್ತಿದ್ದ. ನರ್ಸ್ ಅವನಿಗೆ ಹೇಳಿದರು, ನಿನ್ನ ಪುಸ್ತಕ ಈ ಮೂರು ರಾತ್ರಿ ಅಮ್ಮನ ಹತ್ತಿರ ಇರಲಿ, ಅವರು ಬರೆಯುತ್ತಾರೆ. ತಾಯಿ ಬರೆದರು. ಬರೆದದ್ದು ಸರಿಯಾಗಿದೆ ಎಂದು ಬೆಳಿಗ್ಗೆ ಪರೀಕ್ಷಿಸಿದ ಮೇಲೆ ಅವನಿಗೆ ನಂಬಿಕೆ ಬಂತು.

ನಿನಗೇನು ಬೇಕು ಎಂದು ಅವನನ್ನು ಕೇಳಿದಾಗ ಹೇಳಿದ್ದು, ಭಾನುವಾರ ವಾಲಿಬಾಲ್. ಊರಿನ ಕ್ಲಬ್ಬಿನವರು ಹಿಂದೆ ಕರೆಯುತ್ತಿದ್ದರು, ಬರುವುದಿಲ್ಲ ಎನ್ನುತ್ತಾ ಎನ್ನುತ್ತಾ ಕರೆಯುವುದು ಬಿಟ್ಟಿದ್ದರು. ಆಶಾ ಕಾರ್ಯಕರ್ತೆ ಆ ಒಂದೂವರೆ ಗಂಟೆ ಮನೆಯಲ್ಲಿ ಕೂರಲು ಒಪ್ಪಿದರು. ಈಗ ಅವನು ಆಡುತ್ತಾನೆ.

ಯಾರ ಹೆಗಲಿಗೆ

ಇಷ್ಟೆಲ್ಲ ಕೇಳಿದ ಮೇಲೆ ಬೇರೆ ಶಾಲೆಯವರು ಹೇಳುವುದು, "ನಿಮ್ಮ ಕ್ಲಾಸ್ ಟೀಚರ್ ಒಳ್ಳೆಯವರು." ಹೌದು, ಒಳ್ಳೆಯವರು. ಆದರೆ ಒಳ್ಳೆಯವರ ಮೇಲೆ ಹೊರಿಸುತ್ತಾ ಹೋದರೆ ಅವರೂ ಕುಸಿದು ಕೂರುತ್ತಾರೆ. ಬಿಹಾರದ ನಳಂದಾ ಜಿಲ್ಲೆಯ 74 ಹೈಸ್ಕೂಲುಗಳಲ್ಲಿ ನಡೆದ ಸೆಹರ್ ಎಂಬ ಪ್ರಯೋಗದ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅಧ್ಯಾಪಕರು ನಡೆಸಿದರು, ಕೆಲವು ಕಡೆ ಅದಕ್ಕೆಂದೇ ತರಬೇತಿ ಕೊಟ್ಟ ಸಾಮಾನ್ಯ ಕೌನ್ಸೆಲರ್‌ಗಳು ನಡೆಸಿದರು. ಕೌನ್ಸೆಲರ್ ಇದ್ದ ಶಾಲೆಗಳಲ್ಲಿ ಖಿನ್ನತೆ, ಪೀಡಿಸುವುದು ಕಡಿಮೆಯಾಯಿತು, ಶಾಲೆಯ ವಾತಾವರಣ ಸುಧಾರಿಸಿತು. ಅಧ್ಯಾಪಕರು ನಡೆಸಿದ ಕಡೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಅಧ್ಯಾಪಕರಿಗೆ ಪ್ರೀತಿ ಇಲ್ಲ ಎಂದು ನಾನು ಇದನ್ನು ಓದುವುದಿಲ್ಲ. ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ ಇವುಗಳ ಮೇಲೆ ಇದನ್ನೂ ಹೇರಿದರೆ ಯಾರಿಂದಲೂ ಆಗುವುದಿಲ್ಲ.

ನಮ್ಮ ಹೆಡ್ ಟೀಚರ್ ಇಲ್ಲಿ ಒಂದು ಕೆಲಸ ಮಾಡಿದರು. ಕ್ಲಾಸ್ ಟೀಚರ್ ಹತ್ತಿರ ಇದ್ದ ಬಿಸಿಯೂಟದ ಲೆಕ್ಕ ಬೇರೆಯವರಿಗೆ ಕೊಟ್ಟರು. ಆ ಸಮಯ ನರ್ಸ್, ಕೌನ್ಸೆಲರ್, ಬಡ್ಸ್ ಕೇಂದ್ರದ ಟೀಚರ್ ಜೊತೆ ತಿಂಗಳಿಗೊಮ್ಮೆ ಮಾತಾಡಲಿಕ್ಕೆ. ಆ ಮಾತುಕತೆಯಲ್ಲಿ ಹುಡುಗನ ಹೆಸರು ಮಾತ್ರವಲ್ಲ, ಪಾಲಿಯೇಟಿವ್ ಪಟ್ಟಿಯಲ್ಲಿರುವ ಮನೆಗಳಿಂದ ನಮ್ಮ ಶಾಲೆಗೆ ಬರುವ ಇನ್ನೂ ಕೆಲವು ಮಕ್ಕಳ ವಿಷಯ ಬಂತು. ಅವರಲ್ಲಿ ಒಬ್ಬಳು ನನ್ನ ಕ್ಲಾಸಿನಲ್ಲೇ ಮೊದಲ ಬೆಂಚಿನಲ್ಲಿ ಕೂರುವವಳು, ಎಂದೂ ನಿದ್ದೆ ಮಾಡದವಳು, ಎಲ್ಲದಕ್ಕೂ ನಗುವವಳು.

ಫೋನಿನಲ್ಲಿ ಚಿತ್ರ ತೋರಿಸಿದ ಹುಡುಗನ ವಿಷಯ ಬಾಕಿಯಿದೆ. ಅವನನ್ನು ಸಸ್ಪೆಂಡ್ ಮಾಡಬೇಕೆಂದು ಕೆಲವರು ಅಂದರು. ಕೌನ್ಸೆಲರ್ ಇಬ್ಬರ ಹತ್ತಿರವೂ ಬೇರೆ ಬೇರೆ ಮಾತಾಡಿದರು. ಅವನು ಕೆಣಕಲಿಕ್ಕೆ ತೋರಿಸಿದ್ದಲ್ಲ, ನಿಜವಾಗಿಯೂ ತಿಳಿಯಲಿಕ್ಕೆ ಕೇಳಿದ್ದೆ ಎಂದ. ನಿಜವಿರಬಹುದು. ಇಬ್ಬರೂ ಈಗ ಗೆಳೆಯರೇನಲ್ಲ, ಆದರೆ ನವೆಂಬರಿನಲ್ಲಿ ಅಕ್ಕ ಒಂದು ವಾರ ಆಸ್ಪತ್ರೆಯಲ್ಲಿದ್ದಾಗ ನೋಟ್ಸ್ ಬರೆದು ಕೊಟ್ಟವರಲ್ಲಿ ಅವನೂ ಇದ್ದ.

ಈಗ

ಹುಡುಗ ಹತ್ತನೇ ತರಗತಿ ಮುಗಿಸಿದ್ದಾನೆ. ಹಾಜರಿ ಪೂರ್ತಿ ಅಲ್ಲ, ಪರೀಕ್ಷೆಗೆ ಕೂರುವಷ್ಟು ಇತ್ತು. ಎಸ್ಸೆಸ್ಸೆಲ್ಸಿಯ ದಿನಗಳಲ್ಲಿ ರಾತ್ರಿ ಮನೆಯಲ್ಲಿ ಇರಲಿಕ್ಕೆ ಚಿಕ್ಕಮ್ಮ ಬಂದಿದ್ದರು. ಫಿಟ್ಸ್ ಇನ್ನೂ ಬರುತ್ತದೆ. ಅಪ್ಪ ಇನ್ನೂ ಗಲ್ಫಿನಲ್ಲಿದ್ದಾರೆ.

ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ತರಗತಿಗೆ, ಬೇರೆ ಶಾಲೆ. ಕನ್ನಡ ಮಾಧ್ಯಮ ಅಲ್ಲಿಗೆ ಮುಗಿಯುತ್ತದೆ, ಪಾಠ ಇಂಗ್ಲಿಷಿನಲ್ಲಿ, ಸುತ್ತ ಹೊಸ ಮುಖಗಳು. ಅಲ್ಲಿಯ ಕ್ಲಾಸ್ ಟೀಚರ್‌ಗೆ ಒಂದು ಹಾಳೆ ಬರೆದು ಕೊಡುವುದು ಎಂದಾದಾಗ ಕೌನ್ಸೆಲರ್ ಅವನನ್ನೇ ಕೂರಿಸಿ ಬರೆಸಿದರು. ಅಕ್ಕನ ಕಾಯಿಲೆಯ ಹೆಸರು ಬೇಡ ಎಂದ, ಎಂಡೋಸಲ್ಫಾನ್ ಎಂಬುದೂ ಬೇಡ. ರಾತ್ರಿ ನಿದ್ದೆ ಕೆಡುವ ದಿನಗಳಿರುತ್ತವೆ, ತಡವಾದರೆ ಬಾಗಿಲಲ್ಲಿ ನಿಲ್ಲಿಸಬೇಡಿ, ಮಧ್ಯಾಹ್ನ ಒಂದು ಫೋನ್ ಬೇಕಾಗಬಹುದು, ನರ್ಸ್ ನಂಬರ್ ಇದು. ಇಷ್ಟು ಸಾಕು ಎಂದ. ಆ ಹಾಳೆ ತಲುಪಿದೆ. ಅಲ್ಲಿಯ ಟೀಚರ್ ನರ್ಸ್‌ಗೆ ಫೋನ್ ಮಾಡಿ ಮಾತಾಡಿದ್ದಾರೆ.

ನಮ್ಮ ಕೌನ್ಸೆಲರ್‌ಗೆ ಬೇರೆ ಶಾಲೆ ಆಗಿದೆ, ಬದಲಿಗೆ ಕನ್ನಡ ಬರುವವರನ್ನೇ ಕೊಡಬೇಕೆಂದು ಪಿಟಿಎ ಅರ್ಜಿ ಹಾಕಿದೆ, ಉತ್ತರ ಬಂದಿಲ್ಲ. ಜೀಪಿನ ಬಾಡಿಗೆ ಪಿಟಿಎಯಿಂದ ಎಷ್ಟು ದಿನ ಕೊಡುವುದು? ಪಂಚಾಯತ್ ತನ್ನ ಯೋಜನೆಯಲ್ಲಿ ಸೇರಿಸಿದರೆ ಆ ಗುಡ್ಡದ ಮೇಲಿನ ಇನ್ನೆರಡು ಮನೆಗಳಿಗೂ ಅದೇ ಜೀಪ್ ಆಗುತ್ತದೆ. ಮೆಂಬರ್ ಒಪ್ಪಿದ್ದಾರೆ, ಮುಂದಿನ ಗ್ರಾಮಸಭೆಯಲ್ಲಿ ವಿಷಯ ಬರಲಿದೆ. ತಾಯಿ ತಾವೇ ಬಂದು ಮಾತಾಡುತ್ತೇನೆ ಎಂದಿದ್ದಾರೆ, ಸಭೆ ಬಡ್ಸ್ ಕೇಂದ್ರ ತೆರೆದಿರುವ ದಿನ ಇಡಬೇಕು ಎಂಬ ಒಂದು ಷರತ್ತಿನ ಮೇಲೆ.